ಮೊದಲ ಬದಿ, ಮೂರನೆಯ ಹಾಡು

ಭಾನುವಾರ, 12 ಏಪ್ರಿಲ್ 1992

ಇವತ್ತು ಪಂದ್ಯದ ಪಾರಿವಾಳಗಳಲ್ಲಿ ಸೋಮಾರಿ ಎಂಬ ಹೆಸರಿನ ಗಂಡು ಚಾವಣಿಯ ಮೇಲೆ ಕೂತು ನನ್ನನ್ನೇ ನೋಡುತ್ತಿತ್ತು. ಉಳಿದವೂ ಅಷ್ಟೇ. ಫ್ರಾನ್ಸಿನಿಂದ ಇಲ್ಲಿಯವರೆಗೆ ಒಂದೇ ಉಸಿರಿಗೆ ಹಾರಿ ಬಂದವು, ಹಂಚಿನ ಮೇಲೆ ಇಳಿದವು. ಅಲ್ಲಿಂದ ಗೂಡಿನ ಬಾಗಿಲು ಎಷ್ಟು ದೂರ? ಒಳಗೆ ಮಾತ್ರ ಹೋಗಲೊಲ್ಲವು. ಹಕ್ಕಿ ಗೂಡಿನೊಳಗೆ ಬಂದು, ಅದರ ಕಾಲಿನ ರಬ್ಬರ್ ಉಂಗುರವನ್ನು ನಾವು ಬಿಚ್ಚಿ, ಬಂದ ಹೊತ್ತನ್ನು ಅಚ್ಚೊತ್ತುವ ಗಡಿಯಾರದ ಪೆಟ್ಟಿಗೆಗೆ ಹಾಕಿದ ಮೇಲೆಯೇ ಪಂದ್ಯ ಮುಗಿದ ಹಾಗೆ. ಚಾವಣಿಯ ಮೇಲೆ ಕೂತ ಪಾರಿವಾಳ ಇನ್ನೂ ಫ್ರಾನ್ಸಿನಲ್ಲೇ ಇದ್ದಂತೆ.

ಕಾಳಿನ ಡಬ್ಬ ಅಲ್ಲಾಡಿಸಿದೆ.

“ಡಬ್ಬ ಅಲ್ಲಾಡ್ಸಿದ್ರೆ ಸಾಲ್ದು ಕಣಮ್ಮ, ಕರೀಬೇಕು,” ಅಂದ ಬೇಲಿಯಾಚೆಯಿಂದ ಕಮೀಲ್. ಪಾರಿವಾಳ ಸಂಘದ ಅಧ್ಯಕ್ಷ. ಹಕ್ಕಿಗಳು ಬೆದರುತ್ತವೆಂದು ಅವನ ಹೆಂಡತಿ ಬೇಸಿಗೆಯ ಭಾನುವಾರಗಳಲ್ಲಿ ಬಟ್ಟೆ ಒಣಹಾಕಿದ್ದನ್ನು ನಾನು ಕಂಡಿಲ್ಲ.

“ಕರೆದ್ನಲ್ಲ.”

“ಅದು ಕರೆದಿದ್ದಾ? ನಿನ್ನ ಲೈಬ್ರರೀಲಿ ‘ಸದ್ದು ಮಾಡ್ಬೇಡಿ’ ಅಂದಂಗಿತ್ತು.”

ಫೆಬ್ರವರಿಯಲ್ಲಿ ನನ್ನ ಗಂಡ ಓಮೆರ್ ಬಿದ್ದು ಸತ್ತದ್ದು ಆ ಗೂಡಿನಲ್ಲೇ, ಹಿಕ್ಕೆ ಕೆರೆಯುವ ಕರಣೆ ಕೈಯಲ್ಲಿ ಹಿಡಿದಂತೆಯೇ. ಈ ಬೇಸಿಗೆ ಅವನ ಹೆಸರಿನಲ್ಲಿ ಹಾರಿಸೋಣ, ಸೆಪ್ಟೆಂಬರಿನಲ್ಲಿ ಕೆಫೆಯಲ್ಲಿ ಅಷ್ಟನ್ನೂ ಹರಾಜು ಹಾಕೋಣ ಎಂದು ಕಮೀಲ್ ಹೇಳಿದಾಗ ಒಪ್ಪಿಕೊಂಡೆ. ನನಗೆ ಈ ಹಕ್ಕಿಗಳು ಎಂದೂ ಹಿಡಿಸಿದವಲ್ಲ. ಧೂಳು, ಗುಟುರು, ಒಂದೇ ಸಮನೆ ಸುತ್ತುವ ಕೆಂಪು ಕಣ್ಣು. ಗಂಡುಗಳನ್ನು ವಾರವಿಡೀ ಹೆಣ್ಣುಗಳಿಂದ ಬೇರೆಯಿಟ್ಟು, ಬುಟ್ಟಿಗೆ ಹಾಕುವ ಮುನ್ನ ಒಂದು ಗಳಿಗೆ ತೋರಿಸಿ ಕಳಿಸುತ್ತಾರೆ. ಆ ಆಸೆಗೆ ವೇಗವಾಗಿ ಮನೆಗೆ ಬರುತ್ತವಂತೆ. ಈ ಪದ್ಧತಿಗೆ ನಮ್ಮವರು ‘ವೈಧವ್ಯ’ ಎಂದೇ ಹೆಸರಿಟ್ಟಿದ್ದಾರೆ. ನನ್ನೆದುರು ಆ ಮಾತು ಬಂದಾಗಲೆಲ್ಲ ಕಮೀಲ್ ಕೆಮ್ಮುತ್ತಾನೆ.

ಮಂಗಳವಾರ, 14 ಏಪ್ರಿಲ್

ಓಮೆರ್‌ನ ದನಿ ಈ ಲೋಕದಲ್ಲಿ ಒಂದೇ ಒಂದು ಕಡೆ ಉಳಿದಿದೆ. ಕೆಲವು ವರ್ಷಗಳ ಹಿಂದೆ ಅಡುಗೆಮನೆಯಲ್ಲಿ ಕೂತು ರೇಡಿಯೋದ ಕವಿತಾ ವಾಚನವನ್ನು ಕ್ಯಾಸೆಟ್ಟಿಗೆ ಇಳಿಸಿಕೊಳ್ಳುತ್ತಿದ್ದೆ. ಹೊರಗೆ ಅವನು ಪಾರಿವಾಳ ಕರೆಯಲು ಶುರುಮಾಡಿದ. “ಬಾ ಬಾ ಬಾ ಬಾ.” ಕವಿತೆಯ ಮೇಲೆಯೇ ಬಿದ್ದಿದೆ ಅದು. ಆಮೇಲೆ ಕಿಟಕಿಯನ್ನು ದಡಕ್ಕನೆ ಮುಚ್ಚಿದ ಸದ್ದು. ಅದು ನಾನು.

ಅಂದು ಆ ಕ್ಯಾಸೆಟ್ ಹಾಳಾಯಿತೆಂದು ಎರಡು ದಿನ ಮುಖ ಊದಿಸಿಕೊಂಡಿದ್ದೆ. ಈಗ ಅದನ್ನು ಕರವಸ್ತ್ರದಲ್ಲಿ ಸುತ್ತಿ ಇಟ್ಟಿದ್ದೇನೆ.

ಇವತ್ತು ವನ್ನೆಸ್ ಬಂದಿದ್ದ, ಓಮೆರ್‌ನ ತಂಗಿಯ ಮಗ. ಹತ್ತಿರದ ಪಟ್ಟಣ ಗೆಂಟ್‌ನಲ್ಲಿ ಇನ್ನಿಬ್ಬರ ಜೊತೆ ಸೇರಿ ಯಂತ್ರಗಳಿಂದ ಕುಣಿತದ ಸಂಗೀತ ಮಾಡುತ್ತಾನೆ. ತಂಡದ ಹೆಸರು ವೋಲ್ಟಾ ನೋರ್ಡ್. ಮೊದಲ ಆಲ್ಬಮ್ ಬರುವುದರಲ್ಲಿದೆ ಎಂದು ಕುಣಿದಾಡುತ್ತಿದ್ದಾನೆ. ಕ್ರಿಸ್‌ಮಸ್ ಊಟದಲ್ಲಿ ಒಂದನ್ನು ಹಾಕಿ ಕೇಳಿಸಿದ್ದ. “ಇದು ಹಾಡಲ್ಲ ಕಣೋ, ಗಿರಣಿ ಸದ್ದು,” ಎಂದಿದ್ದೆ. ಎಲ್ಲರೂ ನಕ್ಕಿದ್ದರು. ಓಮೆರ್ ಮಾಂಸ ಹೆಚ್ಚುತ್ತಿದ್ದ. ಮೂವತ್ತು ವರ್ಷ ಸೆಣಬಿನ ಗಿರಣಿಯಲ್ಲಿ ಮಗ್ಗ ನಡೆಸಿದವನು, ಸದ್ದೆಂದರೆ ಸಾಕಪ್ಪ ಅನ್ನುವ ಜೀವ. ಸಂಜೆ ನಾನು ಕವಿತೆ ಓದುವಾಗ ಪಕ್ಕದಲ್ಲಿ ಕೂತು ತಲೆದೂಗುವುದೇ ಅವನಿಗೆ ವಿಶ್ರಾಂತಿ. ಗಿರಣಿ ಕೆಲಸದವರ ಎಷ್ಟು ಹೆಂಡಂದಿರಿಗೆ ಅಂಥ ಸಂಜೆ ಸಿಕ್ಕಿತ್ತು?

ಹಕ್ಕಿಗಳು ಒಳಗೆ ಬಾರದ ಸಂಗತಿಯನ್ನು ಹೇಳಿದೆ.

“ಮಾವನ ಕ್ಯಾಸೆಟ್ ಕೊಡಿ ಅತ್ತೆ. ಕವಿತೆ ಗಿವಿತೆ ಎಲ್ಲ ತೆಗೆದು ದನಿ ಮಾತ್ರ ಬಿಡಿಸಿ ಕೊಡ್ತೀನಿ. ಅದನ್ನ ಹಾಕಿ ಕರೀರಿ.”

“ಕಳೆದ್ಯೋ ನೋಡು.”

“ಕಳೆದ್ರೆ ನನ್ನನ್ನ ಗೂಡಿಗೆ ಹಾಕಿ ಕಾಳು ಹಾಕಿ.”

ಕೊಟ್ಟೆ. ಕೊಡುವಾಗ ಅವನು ನನ್ನ ಕಣ್ಣು ನೋಡಲಿಲ್ಲ. ಅವನಿಗೂ ದುಃಖವಿದೆ.

ಭಾನುವಾರ, 26 ಏಪ್ರಿಲ್

ಕ್ಯಾಸೆಟ್ ಬಂದಿದೆ. ಬರೀ ಓಮೆರ್. ಸುತ್ತಲೂ ಏನೂ ಇಲ್ಲದ ಜಾಗದಲ್ಲಿ ನಿಂತು ಕರೆದಂತೆ.

ಹಕ್ಕಿಗಳು ಚಾವಣಿಗೆ ಬಂದಾಗ ಟೇಪ್ ರೆಕಾರ್ಡರನ್ನು ಅಡುಗೆಮನೆಯ ಕಿಟಕಿಯಲ್ಲಿಟ್ಟು ಹಾಕಿದೆ. ಅವು ಎದ್ದವು. ಗೂಡಿನ ಕಡೆ ಹಾರಿದವು, ಬಾಗಿಲಲ್ಲಿ ಅವನಿಲ್ಲ. ಕಿಟಕಿಯ ಕಡೆ ಬಂದವು, ಇಲ್ಲಿಯೂ ಇಲ್ಲ. ಮನೆಯ ಸುತ್ತ ಹುಡುಕಿದವು. ಸೋಮಾರಿ ಕಿಟಕಿಯ ಅಂಚಿಗೇ ಬಂದು ಯಂತ್ರವನ್ನು ಒಮ್ಮೆ ಕುಟುಕಿ ಹಾರಿತು.

ಇನ್ನೆಂದೂ ಹಾಕುವುದಿಲ್ಲ. ಆದರೆ ದನಿ ನನ್ನ ಹತ್ತಿರ ಇದೆಯಲ್ಲ, ಅಷ್ಟು ಸಾಕು. ಅದು ನನ್ನೊಬ್ಬಳದು.

ಶನಿವಾರ, 6 ಜೂನ್

ಬೇಕರಿಯಲ್ಲಿ ಬ್ರೆಡ್ ಹೋಳು ಮಾಡಿಸಿಕೊಳ್ಳುತ್ತ ನಿಂತಿದ್ದೆ. ರೇಡಿಯೋದಲ್ಲಿ ಧಬ್ ಧಬ್ ಎಂದು ಏನೋ ಬರುತ್ತಿತ್ತು. ನಡುವೆ ಅದು ನಿಂತಿತು. ಆ ಖಾಲಿಯಲ್ಲಿ ಓಮೆರ್ ಕರೆದ.

“ಬಾ ಬಾ ಬಾ ಬಾ.”

ಮತ್ತೆ ಧಬ್ ಧಬ್. ಬೇಕರಿಯ ಹುಡುಗಿ ಬ್ರೆಡ್ಡನ್ನು ಚೀಲಕ್ಕೆ ಹಾಕುತ್ತ ಅವನ ಜೊತೆ ತಾನೂ ಬಾ ಬಾ ಎಂದಳು, ಸೊಂಟ ಆಡಿಸುತ್ತ.

“ಇದು ಯಾರ್ದಮ್ಮ?”

“ವೋಲ್ಟಾ ನೋರ್ಡ್ ಅಂತ, ಮೇಡಂ. ಗೆಂಟಿನ ಹುಡುಗ್ರು. ಈಗ ಎಲ್ಲಾ ಡಿಸ್ಕೋದಲ್ಲೂ ಇದೇ. ಆ ಬಾ ಬಾ ಬರತ್ತಲ್ಲ, ಅವಾಗ ಎಲ್ರೂ ಕೈ ಮೇಲೆತ್ತಿ ನಿಂತ್ಬಿಡ್ತಾರೆ.”

ಬ್ರೆಡ್ಡನ್ನು ಅಲ್ಲೇ ಬಿಟ್ಟು ಬಂದಿದ್ದೇನೆ.

ಸೋಮವಾರ, 8 ಜೂನ್

ಆಲ್ಬಮ್ ಕೊಂಡು ತಂದೆ. ಹೆಸರು ‘ಹೋಮಿಂಗ್’, ಮನೆಗೆ ಮರಳುವುದು ಅಂತ. ಹೊದಿಕೆಯ ಮೇಲೆ ಮೂವರು ಹುಡುಗರು ಕಪ್ಪು ಕನ್ನಡಕ ಹಾಕಿಕೊಂಡು ಒಂದು ಖಾಲಿ ಗೂಡಿನೊಳಗೆ ಕೂತಿದ್ದಾರೆ. ಕೃತಜ್ಞತೆಗಳಲ್ಲಿ ಅವರವರ ಅಮ್ಮಂದಿರಿದ್ದಾರೆ, ಯಾರದೋ ನಾಯಿಯಿದೆ. ಓಮೆರ್ ಇಲ್ಲ. ನಾನೂ ಇಲ್ಲ.

ಮೊದಲ ಬದಿ, ಮೂರನೆಯ ಹಾಡು. ಸೂಜಿ ಎತ್ತಿ ಎತ್ತಿ ಅದನ್ನೊಂದನ್ನೇ ಹಾಕಿದೆ. ವನ್ನೆಸ್ ಕವಿತೆಯನ್ನು ತೆಗೆದದ್ದು ನನಗಾಗಿ ಅಲ್ಲ, ಇದಕ್ಕಾಗಿ. ನಾನು ಕರವಸ್ತ್ರದಲ್ಲಿ ಸುತ್ತಿಟ್ಟದ್ದನ್ನು ಹೆದ್ದಾರಿಯ ಪಕ್ಕದ ಡಿಸ್ಕೋಗಳಲ್ಲಿ ಬೆವರುವ ಜನರ ಕಾಲಿಗೆ ಹಾಕಿದ್ದಾನೆ. ಕೇಳಿದ್ದರೆ ಕೊಡುತ್ತಿರಲಿಲ್ಲವೆಂದು ಅವನಿಗೆ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ.

ಒಂದು ಮಾತ್ರ ತಿಳಿಯುತ್ತಿಲ್ಲ. ಹಾಡಿನ ಕೊನೆಯಲ್ಲಿ, ಡೋಲೆಲ್ಲ ನಿಂತ ಮೇಲೆ, ಓಮೆರ್ ಹೇಳುತ್ತಾನೆ: “ಬಾ ಚಿನ್ನ, ಬಾ. ತಡ ಆಯ್ತು.” ಹೇಳಿ ನಗುತ್ತಾನೆ. ಅದು ನನ್ನ ಕ್ಯಾಸೆಟ್ಟಿನಲ್ಲಿ ಇಲ್ಲ. ನಾಲ್ಕು ಸಲ ಹಾಕಿ ನೋಡಿದೆ.

ಚಿನ್ನ. ನನ್ನನ್ನು ಅವನು ಯಾವತ್ತೂ ಹಾಗೆ ಕರೆದದ್ದಿಲ್ಲ. ಲೀವ ಎಂದು ಹೆಸರು ಹಿಡಿದು ಕರೆಯುತ್ತಿದ್ದ, ಅಥವಾ ‘ಇಲ್ಲಿ ಕೇಳು’ ಅನ್ನುತ್ತಿದ್ದ.

ಶುಕ್ರವಾರ, 12 ಜೂನ್

ಸಂಜೆ ಹಕ್ಕಿಗಳನ್ನು ಬುಟ್ಟಿಗೆ ತುಂಬಿಕೊಂಡು ಕೆಫೆಗೆ ಹೋದೆ. ಒಳಗೆ ಸಂಗೀತ ಪೆಟ್ಟಿಗೆಯಲ್ಲಿ ಅದೇ ಹಾಡು. ಮುದುಕರೆಲ್ಲ ಬಿಯರ್ ಲೋಟ ಹಿಡಿದು, ಆ ಜಾಗ ಬಂದ ಕೂಡಲೇ ಒಟ್ಟಿಗೆ “ಬಾ ಬಾ ಬಾ ಬಾ” ಎಂದು ಕೂಗಿ ಲೋಟಕ್ಕೆ ಲೋಟ ತಾಗಿಸಿದರು. ನನ್ನನ್ನು ಕಂಡು ಒಬ್ಬೊಬ್ಬರಾಗಿ ಲೋಟ ಕೆಳಗಿಟ್ಟರು. ಹಾಡು ಒಂದೇ ಆಡುತ್ತಿತ್ತು.

“ನನ್ನ ಗಂಡನ ದನಿ ಕದ್ದು ತಂದಿದ್ದಾರೆ. ನಿಮಗೆ ಕುಡಿಯೋಕೆ ಅದು ಬೇಕಾ?” ಅಂದೆ.

ಕಮೀಲ್ ನನ್ನ ಕೈಯಿಂದ ಬುಟ್ಟಿ ಇಸಿದುಕೊಂಡ. ಸೋಮಾರಿಯನ್ನು ತೆಗೆದು ಕಾಲಿಗೆ ಉಂಗುರ ಹಾಕುವುದನ್ನೇ ದೊಡ್ಡ ಕೆಲಸ ಮಾಡಿಕೊಂಡ.

“ಕದ್ದಿಲ್ಲ ಕಣಮ್ಮ,” ಅಂದ ಕೊನೆಗೆ. “ಓಮೆರ್ ಗುರುವಾರ ಗುರುವಾರ ಆ ಹುಡುಗ್ರ ಹತ್ರ ಗೆಂಟ್‌ಗೆ ಹೋಗ್ತಿದ್ನಲ್ಲ. ನಿಂಗೆ ಗೊತ್ತಿತ್ತು ಅಂದ್ಕೊಂಡಿದ್ದೆ.”

“ಗುರುವಾರ ಸಂಘದ ಸಭೆ.”

“ಚಳಿಗಾಲದಲ್ಲಿ ಏನಮ್ಮ ಸಭೆ? ಹಕ್ಕಿಗಳೇ ಹಾರಲ್ಲ.”

ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಕೆಫೆ ನಡೆಸುವ ಹೆಂಗಸಿಗೂ ಗೊತ್ತಿತ್ತು. ಅವಳು ಒರೆಸಿದ ಲೋಟವನ್ನೇ ಮತ್ತೆ ಒರೆಸುತ್ತಿದ್ದಳು.

ಗುರುವಾರ ಮಧ್ಯಾಹ್ನ ಅವನ ಬಿಳಿ ಅಂಗಿಗೆ ನಾನು ಇಸ್ತ್ರಿ ಹಾಕಿಕೊಡುತ್ತಿದ್ದೆ. ಕಾಲರಿಗೆ ಗಂಜಿ ಕೂಡ.

ಭಾನುವಾರ, 14 ಜೂನ್

ನಾನು ಫೋನ್ ಮಾಡಿ ಬೈದಿದ್ದಕ್ಕೆ ವನ್ನೆಸ್ ಬಂದ. ಕೈಯಲ್ಲಿ ಅಕ್ಕಿ ಟಾರ್ಟ್.

“ಮೋಸಕ್ಕೆ ಮೇಲೊಂದು ಸಿಹಿ,” ಅಂದೆ.

“ಬೈರಿ ಅತ್ತೆ. ಬೈಸ್ಕೊಳ್ಳೋಕೇ ಬಂದಿದೀನಿ. ಆದ್ರೆ ಕ್ಯಾಸೆಟ್‌ದು ಒಂದು ಚೂರೂ ಹಾಡಲ್ಲಿ ಹಾಕಿಲ್ಲ. ಎಲ್ಲಾ ಮಾವನೇ ಬಂದು ಹೇಳಿದ್ದು.”

“ಏಪ್ರಿಲ್‌ನಲ್ಲಿ ಇಲ್ಲೇ ಕೂತಿದ್ಯಲ್ಲ. ಆವಾಗ ಬಾಯಿಗೆ ಏನಾಗಿತ್ತು?”

“ಮಾವಂಗೆ ಮಾತು ಕೊಟ್ಟಿದ್ದೆ. ಹೆಸರೂ ಹಾಕ್ಬೇಡ, ಮನೇಲಿ ಗೊತ್ತಾಗತ್ತೆ ಅಂದಿದ್ರು. ಇದು ರೇಡಿಯೋ ತನಕ ಹೋಗತ್ತೆ ಅಂತ ನಮಗೇ ಗೊತ್ತಿರ್ಲಿಲ್ಲ.”

ನಾನು ಕಾಫಿ ಬಗ್ಗಿಸಿದೆ. ಯಾಕೆ ಬಗ್ಗಿಸಿದೆನೋ. ಅವನು ಟಾರ್ಟ್‌ನ ಅಂಚನ್ನು ಫೋರ್ಕಿನಿಂದ ಮುರಿಯುತ್ತ ಹೇಳಿದ: ಹೋದ ಅಕ್ಟೋಬರಿನಲ್ಲಿ ಓಮೆರ್ ಗೆಂಟ್‌ಗೆ ಹಕ್ಕಿಗಳ ಕಾಳು ತರಲು ಹೋದವನು ಸುಮ್ಮನೆ ಇವರ ಕೋಣೆಗೆ ಹೊಕ್ಕು ನೋಡಿದ. ಯಂತ್ರ ಆನ್ ಆಗಿತ್ತು.

“ಸ್ಪೀಕರ್ ಮೇಲೆ ಎರಡೂ ಅಂಗೈ ಇಟ್ಕೊಂಡು ನಿಂತುಬಿಟ್ರು ಅತ್ತೆ. ನಾವು ಏನಾಯ್ತೋ ಅಂತ ನಿಲ್ಲಿಸಿದ್ವಿ. ‘ಹಾಕೋ, ಹಾಕೋ, ಇದು ನಂಗೆ ಕೇಳ್ಸತ್ತೆ’ ಅಂದ್ರು.”

“ಇದು ಕೇಳ್ಸತ್ತೆ ಅಂದ್ರೆ? ಅವನಿಗೆ ಎಲ್ಲಾ ಕೇಳಿಸ್ತಿತ್ತು. ಸ್ವಲ್ಪ ಮಂದ, ಅಷ್ಟೆ.”

ವನ್ನೆಸ್ ಫೋರ್ಕ್ ಕೆಳಗಿಟ್ಟ.

“ಮಾವ ತುಟಿ ನೋಡಿ ಮಾತಾಡ್ತಿದ್ರು ಅತ್ತೆ. ಗಿರಣೀಲಿ ಎಲ್ರೂ ಹಂಗೇ ಅಂತೆ. ಅಷ್ಟು ಮಗ್ಗದ ಮಧ್ಯೆ ಕಿವಿಗೆ ಏನು ಕೆಲಸ?”

“ನಾನು ಕವಿತೆ ಓದ್ತಿದ್ದೆ. ಅವನು ತಲೆದೂಗ್ತಿದ್ದ. ದಿನಾ. ಸರಿಯಾದ ಜಾಗದಲ್ಲೇ ತಲೆದೂಗ್ತಿದ್ದ.”

“ನೀವು ಪುಟ ತಿರುಗಿಸಿದಾಗ,” ಅಂದ ವನ್ನೆಸ್. ಮೆಲ್ಲಗೆ ಅಂದ. ನನಗೆ ಕೇಳಿಸಿತು.

ನನ್ನ ಲೋಟದ ಕಾಫಿಯನ್ನು ಬಚ್ಚಲಿಗೆ ಸುರಿದು ಬಂದು ಕೂತೆ.

“ನಂಗೆ ಯಾಕೆ ಹೇಳಲಿಲ್ಲ?”

“ಅದನ್ನ ನಾನೂ ಕೇಳಿದ್ದೆ. ‘ಹೇಳಿದ್ರೆ ಅವಳು ಓದೋದು ನಿಲ್ಲಿಸ್ತಾಳೆ’ ಅಂದ್ರು.”

“ಮತ್ತೆ ಈ ಹಾಡು? ಇದನ್ನಾದ್ರೂ ಹೇಳ್ಬೋದಿತ್ತಲ್ಲ.”

ಅವನು ಹೇಳಲೋ ಬೇಡವೋ ಎಂಬಂತೆ ನೋಡಿದ. “‘ಗಿರಣಿ ಸದ್ದು’ ಅಂದ್ರಲ್ಲ ಅತ್ತೆ, ಕ್ರಿಸ್‌ಮಸ್‌ನಲ್ಲಿ. ಮುಂದಿನ ಗುರುವಾರ ಬಂದು, ‘ಅವಳು ಹೇಳಿದ್ದು ಸರಿಯಾಗೇ ಇದೆ ಕಣೋ, ಗಿರಣಿನೇ ಇದು, ಆದ್ರೆ ನಂಗೆ ಇಷ್ಟ’ ಅಂದ್ರು. ನಕ್ಕೊಂಡೇ ಅಂದ್ರು.”

ಹೋಗುವಾಗ ಮೇಜಿನ ಮೇಲೆ ಒಂದು ಕ್ಯಾಸೆಟ್ ಇಟ್ಟ. “ಒಂದು ಮಧ್ಯಾಹ್ನ ಪೂರ್ತಿ ಮಾತಾಡಿದ್ದಾರೆ. ನಿಮ್ಮ ವಿಷಯನೂ ಇದೆ.”

“ತೊಗೊಂಡು ಹೋಗು.”

ಬಿಟ್ಟೇ ಹೋದ. ಸಕ್ಕರೆ ಡಬ್ಬದ ಹಿಂದೆ ತಳ್ಳಿದ್ದೇನೆ. ನಾಲ್ಕು ತಿಂಗಳಿಂದ ಒಂದು ದನಿಗಾಗಿ ಗೋಗರೆದವಳು ನಾನು. ಈಗ ಅದು ಒಂದು ಮಧ್ಯಾಹ್ನದಷ್ಟು ಸಿಕ್ಕಿದೆ, ನನಗೆ ಬೇಡ. ಅದು ನನ್ನ ಜೊತೆಗಿದ್ದ ಮನುಷ್ಯನ ದನಿಯಲ್ಲ.

ಸೋಮವಾರ, 15 ಜೂನ್

ಅಷ್ಟು ಸಂಜೆಗಳಲ್ಲಿ ನಾನು ಯಾರಿಗೆ ಓದುತ್ತಿದ್ದೆ?

ಶನಿವಾರ, 20 ಜೂನ್

ಕನ್ನಡಿಯ ಮುಂದೆ ಕೂತು, ಯಾವಾಗಲೂ ಓದುವ ಹಾಗೆ ಓದಿ ನೋಡಿದೆ. ತಲೆ ಬಗ್ಗುತ್ತದೆ. ಕೂದಲು ಮುಂದೆ ಬೀಳುತ್ತದೆ. ತುಟಿ ಕಾಣುವುದಿಲ್ಲ.

ಅವನು ಒಂದು ಮಾತು ಹೇಳಿದ್ದರೆ ತಲೆ ಎತ್ತಿ ಓದುತ್ತಿದ್ದೆ. ಅಷ್ಟೇ ಸಾಕಾಗಿತ್ತು. ಎದುರಿಗೆ ಕೂತು, ಮುಖ ಎತ್ತಿ. ಓದುವುದನ್ನು ನಿಲ್ಲಿಸುತ್ತೇನೆಂದು ಅವನಿಗೆ ಹೇಳಿದವರು ಯಾರು? ನನ್ನನ್ನು ಕೇಳದೆಯೇ ನನ್ನ ಉತ್ತರವನ್ನು ತಾನೇ ಕೊಟ್ಟುಕೊಂಡ. ಮದುವೆಯಲ್ಲಿ ಇದಕ್ಕಿಂತ ದೊಡ್ಡ ಕಳ್ಳತನ ಇದೆಯೇ?

ಶುಕ್ರವಾರ, 10 ಜುಲೈ

ಲೈಬ್ರರಿಯಿಂದ ಬೇಗ ಬಂದು ಗೂಡು ಕೆರೆದೆ. ಕರಣೆಯ ಹಿಡಿಯಲ್ಲಿ ಅವನ ಹೆಬ್ಬೆರಳಿನ ಗುಳಿಯಿದೆ, ನನ್ನ ಕೈಗೆ ಕೂರುವುದಿಲ್ಲ. ಬಟ್ಟೆ ಸುತ್ತಿಕೊಂಡೆ. ಬುಟ್ಟಿಗೆ ಹಾಕುವ ಮುನ್ನ ಸೋಮಾರಿಗೆ ಅದರ ಹೆಣ್ಣನ್ನು ತೋರಿಸಿದೆ. ಕಮೀಲ್ ಸ್ವಲ್ಪ ಹೊತ್ತು ಸಾಕು ಅನ್ನುತ್ತಾನೆ. ನಾನು ಇನ್ನೂ ಸ್ವಲ್ಪ ಬಿಟ್ಟೆ. ಅದರ ಎಡ ರೆಕ್ಕೆಯ ಕೊನೆಯ ಗರಿ ಉದುರಿ ಹೊಸದು ಬರುತ್ತಿದೆ, ದೂರದ ಪಂದ್ಯದ ಹೊತ್ತಿಗೆ ಬೆಳೆದಿರುತ್ತದೆ.

ಓಮೆರ್ ಮೇಲಿನ ಸಿಟ್ಟು ಹಾಗೇ ಇದೆ. ಗೂಡಿನಲ್ಲಿ ಕೆಲಸ ಮಾಡುವಾಗ ಜೋರಾಗಿ ಬೈಯುತ್ತೇನೆ. ಹಕ್ಕಿಗಳು ಅಭ್ಯಾಸ ಮಾಡಿಕೊಂಡಿವೆ.

ಬುಧವಾರ, 22 ಜುಲೈ

ಇಬ್ಬರು ಹುಡುಗಿಯರು ಲೈಬ್ರರಿಗೆ ಬಂದು ‘ಹೋಮಿಂಗ್’ ಎರವಲು ಸಿಗುತ್ತದೆಯೇ ಎಂದು ಕೇಳಿದರು.

“ಅದರಲ್ಲಿ ಕರೆಯೋದು ಯಾರು ಗೊತ್ತಾ ಮೇಡಂ? ಯಾರೋ ಮೀನುಗಾರ ಅಂತೆ, ಸಮುದ್ರದಲ್ಲಿ ಸತ್ತೋದ್ನಂತೆ.”

“ಮೀನುಗಾರ ಅಲ್ಲ, ನೇಕಾರ,” ಅಂದೆ.

ತಲೆ ಎತ್ತಿ, ಒಂದೊಂದಕ್ಷರವನ್ನೂ ಬಿಡಿಸಿ ಅಂದೆ. ಈಚೆಗೆ ಎಲ್ಲರ ಹತ್ತಿರವೂ ಹಾಗೆಯೇ ಮಾತಾಡುತ್ತಿದ್ದೇನೆ ಎಂದು ಕಮೀಲ್‌ನ ಹೆಂಡತಿ ನಗುತ್ತಾಳೆ. ಹಾಗೇನಿಲ್ಲ.

ಭಾನುವಾರ, 9 ಆಗಸ್ಟ್

ಈ ವರ್ಷದ ದೂರದ ಪಂದ್ಯ. ತೆಂಕಣ ಫ್ರಾನ್ಸಿನಿಂದ ಬೆಳಗ್ಗೆ ಬಿಟ್ಟರೆಂದು ರೇಡಿಯೋದಲ್ಲಿ ಹೇಳಿದರು. ಎದುರುಗಾಳಿ, ಬಿಸಿಲು. ಮಧ್ಯಾಹ್ನ ಕಳೆದರೂ ಯಾರ ಮನೆಗೂ ಒಂದು ಹಕ್ಕಿ ಬಂದಿರಲಿಲ್ಲ. ಕಮೀಲ್ ಬೇಲಿಯಾಚೆ ಕುರ್ಚಿ ಹಾಕಿಕೊಂಡು ಆಕಾಶಕ್ಕೆ ಬೈಯುತ್ತಿದ್ದ. ನಾನು ಈಚೆ ಕೂತಿದ್ದೆ. ಮಡಿಲಲ್ಲಿ ಪುಸ್ತಕವಿತ್ತು, ತೆರೆದಿರಲಿಲ್ಲ.

ಬಿಸಿಲು ಇಳಿಯುವಾಗ ಚರ್ಚಿನ ಗೋಪುರದ ಪಕ್ಕದಿಂದ ಒಂದು ಚುಕ್ಕೆ ಬಂತು. ಅದು ಸೋಮಾರಿಯೆಂದು ಹಾರುವ ರೀತಿಯಿಂದಲೇ ನನಗೆ ತಿಳಿಯಿತು. ಹಂಚಿನ ಮೇಲೆ ಇಳಿಯಿತು. ರೆಕ್ಕೆ ಜೋತುಬಿದ್ದಿತ್ತು, ಕೊಕ್ಕು ತೆರೆದಿತ್ತು. ಕೂತೇ ಬಿಟ್ಟಿತು.

“ಕರಿಯಮ್ಮ, ಕರಿ,” ಅಂದ ಕಮೀಲ್, ಉಸಿರಿನಲ್ಲಿ. “ಇಡೀ ಊರಲ್ಲಿ ಇದೇ ಮೊದಲ್ನೇದು.”

ಒಳಗೆ ಓಡಿದೆ. ಯಾಕೆ ಹಾಗೆ ಮಾಡಿದೆನೋ ತಿಳಿಯದು: ರೆಕಾರ್ಡ್ ಹಾಕಿ, ಸ್ಪೀಕರನ್ನು ಕಿಟಕಿಗೆ ತಿರುಗಿಸಿ, ಸದ್ದನ್ನು ಪೂರ್ತಿ ತಿರುವಿದೆ. ಮೊದಲ ಬದಿ, ಮೂರನೆಯ ಹಾಡು. ಡೋಲು ಹೊಡೆದ ಕೂಡಲೇ ಸೋಮಾರಿ ಬೆದರಿ ಎದ್ದು ಕಮೀಲ್‌ನ ಚಿಮಣಿಯ ಮೇಲೆ ಹೋಗಿ ಕೂತಿತು. ಓಮೆರ್ ಬಾ ಬಾ ಎಂದ. ಅದು ಆ ಕಡೆ ತಿರುಗಿಯೂ ನೋಡಲಿಲ್ಲ.

“ತಲೆ ಕೆಟ್ಟಿದ್ಯಾ ನಿಂಗೆ? ಆರ್ಸು ಅದನ್ನ!”

ಸೂಜಿ ಎತ್ತಿದೆ. ಹೊರಗೆ ಬಂದು ಹುಲ್ಲಿನ ನಡುವೆ ನಿಂತೆ. ಡಬ್ಬ ಒಳಗೇ ಉಳಿದಿತ್ತು. ತಲೆ ಎತ್ತಿದೆ.

“ಎಲ್ಲಿ ಹೋಗಿದ್ದೆ?” ಅಂದೆ. ನನ್ನ ದನಿ ಅಷ್ಟು ದೊಡ್ಡದೆಂದು ನನಗೆ ಗೊತ್ತಿರಲಿಲ್ಲ. “ಎಲ್ಲಿ ಹೋಗಿದ್ದೆ ಇಷ್ಟು ಹೊತ್ತು? ಹೇಳಿ ಹೋಗೋಕೆ ಏನಾಗಿತ್ತು? ಕೇಳ್ಸಲ್ಲ ಅಂತ ಒಂದು ಮಾತು ಹೇಳೋಕೆ ಏನಾಗಿತ್ತು ನಿಂಗೆ? ನಾನೇನು ನುಂಗ್ಬಿಡ್ತಿದ್ನಾ? ಮುಖ ಎತ್ತಿ ಓದ್ತಿದ್ದೆ. ಅಷ್ಟೇ ತಾನೆ? ಮುಖ ಎತ್ತಿ ಓದ್ತಿದ್ದೆ.”

ಬೇಲಿಯಾಚೆ ಕಮೀಲ್ ಟೊಪ್ಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡ. ಸೋಮಾರಿ ಕತ್ತು ಓರೆ ಮಾಡಿ ನನ್ನ ಬಾಯಿಯನ್ನೇ ನೋಡುತ್ತಿತ್ತು.

ಬೈಯಲು ಇನ್ನೇನೂ ಉಳಿದಿರಲಿಲ್ಲ.

“ಬಾ ಚಿನ್ನ,” ಅಂದೆ. “ಬಾ. ತಡ ಆಯ್ತು.”

ಅದು ಚಿಮಣಿ ಬಿಟ್ಟು ನನ್ನ ತಲೆಯ ಮೇಲಿಂದ ಒಮ್ಮೆ ಹಾಯ್ದು ನೇರ ಗೂಡಿನೊಳಗೆ ಹೋಯಿತು. ನಾನೂ ಹಿಂದೆಯೇ ಹೋದೆ. ಅದು ನೆಲದ ಮೇಲೆ ಕೂತು ಏದುತ್ತಿತ್ತು. ಎರಡೂ ಅಂಗೈಯಲ್ಲಿ ಎತ್ತಿಕೊಂಡೆ. ಬಿಸಿಯಾಗಿತ್ತು. ಸದ್ದು ಒಂದಿಷ್ಟೂ ಇಲ್ಲ, ಆದರೆ ಅಂಗೈಯೊಳಗೆ ಧಬ್ ಧಬ್ ಧಬ್ ಎಂದು ಹೊಡೆದುಕೊಳ್ಳುತ್ತಿತ್ತು. ಮೊಣಕೈಯವರೆಗೂ ಬಂತು ಅದು. ಕಣ್ಣು ಮುಚ್ಚಿ ನಿಂತೆ.

“ಉಂಗುರ ಕಣಮ್ಮ, ಉಂಗುರ,” ಎಂದು ಕಮೀಲ್ ಹೊರಗೆ ಬಡಕೊಳ್ಳುತ್ತಿದ್ದ. “ಗಡಿಯಾರಕ್ಕೆ ಹಾಕು. ಗೆದ್ದಿದೀಯ, ಲೀವ, ಕೇಳಿಸ್ತಾ?”

ಕೇಳಿಸಿತು. ಆದರೆ ನನ್ನ ಎರಡು ಕೈಯೂ ಖಾಲಿ ಇರಲಿಲ್ಲ.